ಘಟ್ಟದ ಕೆಳಗಿನ ಸಂಸಾರ

ಕಳೆದ ಸಂಚಿಕೆಯಲ್ಲಿ ಮುಂಬಯಿಯ ಕಡೆಗೆ ಹೋಗಿ ನೆಲೆಸಿದ ನಮ್ಮವರ ವಿಚಾರ ಬರೆದಾಗ ಓದುಗ ಬಂಧುಗಳು ಕೆಲವರು, "ಹತ್ತಿರದ ಗೋವೆಯಲ್ಲಿ ನೀವೇ ಇದ್ದೀರಲ್ಲ, ಅಲ್ಲಿಯ ಸಂಸಾರ ಹೇಗೆ ಸಾಗುತ್ತದೆ?" ಎಂದು ಕೇಳಿದ್ದಾರೆ. ಹೌದು, ಬೆಳಗಾವಿಯಿಂದ ಬೆಳಿಗ್ಗೆ ಹೊರಟರೆ ಚೋರ್ಲಾ ಘಟ್ಟ ಇಳಿದು ಮಧ್ಯಾಹ್ನದ ಊಟಕ್ಕೆ ಪಣಜಿ ತಲುಪಬಹುದು. ಇದನ್ನು ಪರದೇಶವೆಂದರೆ ನಗುವವರೇ ಹೆಚ್ಚು. ಆದರೆ 1961ರ ಡಿಸೆಂಬರ್ 19ರವರೆಗೆ ಇದು ನಿಜವಾದ ಪರದೇಶವೇ ಆಗಿತ್ತು, ಪೋರ್ತುಗೀಸರ ನಾಡು. ಈಗ ಗಡಿಯಲ್ಲಿ ಯಾರೂ ಕಾಗದ ಕೇಳುವುದಿಲ್ಲ. ಕಾಗದ ಕೇಳುವುದು ಒಳಗೆ ಬಂದು ಮನೆ ಹೂಡಿದ ಮೇಲೆ.

2011ರ ಜನಗಣತಿಯ ಪ್ರಕಾರ ಗೋವೆಯ ಸುಮಾರು ಹದಿನಾಲ್ಕೂವರೆ ಲಕ್ಷ ಜನರಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು. ಜೈನರು, ಎಲ್ಲ ಭಾಷೆಯವರೂ ಸೇರಿ, ಸಾವಿರದ ನೂರರ ಆಸುಪಾಸು ಮಾತ್ರ. ಅದರಲ್ಲೂ ಗುಜರಾತಿ, ರಾಜಸ್ಥಾನಿ ವ್ಯಾಪಾರಸ್ಥರನ್ನು ಬಿಟ್ಟರೆ ಕನ್ನಡ ಮಾತಾಡುವ ಶ್ರಾವಕರ ಮನೆಗಳು ಬೆರಳೆಣಿಕೆಯವು. ವಾಸ್ಕೋದಲ್ಲಿ ಎರಡು, ಮಡಗಾಂವಿನಲ್ಲಿ ಮೂರು, ಫೋಂಡೆಯಲ್ಲೊಂದು ಎಂದು ನಾವು ಹಬ್ಬದ ದಿನ ಫೋನಿನಲ್ಲಿ ಎಣಿಸಿಕೊಳ್ಳುತ್ತೇವೆ. ಹಿಂದೆ ಹೀಗಿರಲಿಲ್ಲವೆಂಬುದಕ್ಕೆ ಬಾಂದಿವಡೆಯ ನೇಮಿನಾಥ ಬಸದಿಯ ಪಾಳುಗೋಡೆಗಳೇ ಸಾಕ್ಷಿ. ಗೋವೆಯನ್ನಾಳಿದ ಕದಂಬರು ಕನ್ನಡದಲ್ಲಿ ಶಾಸನ ಬರೆಸಿದವರು. ಇಂದು ಅವರ ಹೆಸರು ಇಲ್ಲಿಯ ಸರ್ಕಾರಿ ಬಸ್ಸಿನ ಮೇಲಿದೆ. ಆ ಬಸ್ಸಿನಲ್ಲೇ ನಾವು ದಿನವೂ ಕೆಲಸಕ್ಕೆ ಹೋಗುತ್ತೇವೆ.

ಕೆಲಸದ ಮಾತು ಬಂತಲ್ಲ, ನಮ್ಮ ಮನೆಗಳಲ್ಲಿ ದೊಡ್ಡ ತಾಪತ್ರಯ ಸೂರ್ಯನದು. ಮಳೆಗಾಲದ ಆರಂಭದಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳು ಗಂಟೆ ದಾಟಿ. ಆಗ ಚಿಂತೆಯಿಲ್ಲ. ಆದರೆ ನವೆಂಬರ್ ಕೊನೆಗೆ ಆರಕ್ಕೆಲ್ಲ ಮುಳುಗುತ್ತಾನೆ. ಪಣಜಿಯ ಕಚೇರಿ ಬಿಡುವುದು ಐದೂವರೆಗೆ. ವಾಸ್ಕೋಕ್ಕೆ ಸುಮಾರು ಮೂವತ್ತು ಕಿಲೋಮೀಟರು, ನಡುವೆ ಕುಠ್ಠಾಳಿಯಲ್ಲಿ ಜುವಾರಿ ನದಿ ದಾಟಬೇಕು. ಹಳೆಯ ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ನಿಂತು ಕಿಟಕಿಯಿಂದ ಸೂರ್ಯ ಇಳಿಯುವುದನ್ನು ನೋಡಿದ ಸಂಜೆಗಳಿಗೆ ಲೆಕ್ಕವಿಲ್ಲ. ಹೊಸ ಸೇತುವೆಯ ಒಂದು ಭಾಗ 2022ರ ಡಿಸೆಂಬರಿನಲ್ಲಿ, ಇನ್ನೊಂದು 2023ರ ಡಿಸೆಂಬರಿನಲ್ಲಿ ತೆರೆದ ಮೇಲೆ ಹಾದಿ ಹಗುರವಾಯಿತು. ಆದರೂ ಚಳಿಗಾಲದಲ್ಲಿ ಬೆಳಕಿರುವಾಗ ಮನೆ ಸೇರುವುದು ಆಗದ ಮಾತು.

ಹೀಗಾಗಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಸಂಜೆಯ ಊಟ ಮೂರು ಕಡೆ ನಡೆಯುತ್ತದೆ. ಯಜಮಾನರದು ಕಚೇರಿಯ ಮೇಜಿನ ಮೇಲೆ, ಬೆಳಿಗ್ಗೆ ಕಟ್ಟಿಕೊಂಡು ಹೋದ ಎರಡನೆಯ ಡಬ್ಬಿಯಲ್ಲಿ. ಮನೆಯೊಡತಿಯದು ತಾನು ಕೆಲಸ ಮಾಡುವಲ್ಲಿ. ಮಕ್ಕಳದು ಮನೆಯಲ್ಲಿ ಐದೂವರೆಗೆ, ಅಜ್ಜಿಯಿದ್ದರೆ ಅಜ್ಜಿಯ ಕೈಯಲ್ಲಿ, ಇಲ್ಲದಿದ್ದರೆ ಬೀಗದ ಕೈ ಇಟ್ಟುಕೊಂಡ ಹಿರಿಯ ಮಗಳ ಕೈಯಲ್ಲಿ. ರಾತ್ರಿಭೋಜನ ತ್ಯಾಗ ಉಳಿಯಿತು, ಒಟ್ಟಿಗೆ ಕುಳಿತು ಉಣ್ಣುವುದು ಭಾನುವಾರಕ್ಕೆ ಹೋಯಿತು. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ ಎಂದು ನಮ್ಮ ನಮ್ಮಲ್ಲೇ ವಾದವಾಗುತ್ತದೆ. ಊರಿನಿಂದ ಬಂದ ಹಿರಿಯರು ಕೆಲವರು, "ಮಕ್ಕಳನ್ನು ತಬ್ಬಲಿಗಳಂತೆ ಉಣ್ಣಲು ಬಿಟ್ಟು ಎಂಥ ವ್ರತ?" ಎಂದು ಕೇಳಿದ್ದುಂಟು. ಆ ಮಾತು ಚುಚ್ಚುತ್ತದೆ, ಅದರಲ್ಲಿ ಸತ್ಯವೂ ಇದೆ.

ನಮಗೆ ತೋಚುವುದಿಷ್ಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯಿಟ್ಟು ಹಿಡಿಯುವುದು ನಿಯಮ, ಜೀವವಿರುವ ತನಕ ಹಿಡಿಯುವುದು ಯಮ ಎಂದು ಭೇದ ತೋರಿಸಿದ್ದಾರೆ. ಪಾಳಿಯ ಮೇಲೆ ದುಡಿಯುವ ಗೃಹಸ್ಥನಿಗೆ ಈ ಭೇದವೇ ದೊಡ್ಡ ಆಸರೆ. ಬಂದರಿನಲ್ಲಿ ಎರಡನೆಯ ಪಾಳಿಗೆ ಹೋಗುವ ತಂದೆ ಚಾತುರ್ಮಾಸದಲ್ಲಿ ರಜೆ, ಪಾಳಿ ಹೊಂದಿಸಿಕೊಂಡು ಆ ನಾಲ್ಕು ತಿಂಗಳಿಗೆ ನಿಯಮ ತೆಗೆದುಕೊಳ್ಳಲಿ. ಮಿಕ್ಕ ದಿನ ಮಕ್ಕಳೊಡನೆ ತಟ್ಟೆಯ ಮುಂದೆ ಹಣ್ಣು ಹಿಡಿದು ಕುಳಿತರೂ ಆದೀತು. ಅವನನ್ನು ಕಂಡು ಮೂಗು ಮುರಿಯುವ ಕಟ್ಟುನಿಟ್ಟಿನವರಿಗಿಂತ ಅವನೇ ನಮಗೆ ಹೆಚ್ಚು ಹತ್ತಿರದವನಾಗಿ ಕಾಣುತ್ತಾನೆ.

ಮೀನಿನ ನಾಡಿನಲ್ಲಿ ಹೇಗೆ ಬದುಕುತ್ತೀರಿ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಬಾಡಿಗೆ ಮನೆ ಹುಡುಕುವಾಗ ಎದುರು ಮನೆಯ ಬಾಣಲೆಯ ವಾಸನೆಗೆ ಹೆದರಿ ತಿರುಗಿ ಬಂದವರಿದ್ದಾರೆ. ಆದರೆ ನೆರೆಯವರು ಒಳ್ಳೆಯವರು. ಶ್ರಾವಣ ಬಂತೆಂದರೆ ಇಲ್ಲಿಯ ಎಷ್ಟೋ ಹಿಂದೂ ಮನೆಗಳಲ್ಲಿ ಮೀನು ನಿಲ್ಲುತ್ತದೆ. ಕ್ರೈಸ್ತರಲ್ಲೂ ಈಸ್ಟರಿಗೆ ಮುಂಚಿನ ನಲವತ್ತು ದಿನ ಬಾಯಿ ಕಟ್ಟುವವರಿದ್ದಾರೆ. ವ್ರತವೆಂದರೇನೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಮತ್ತೊಂದು ಸ್ವಾರಸ್ಯ: ಕೊಂಕಣಿಯಲ್ಲಿ ಸಸ್ಯಾಹಾರಕ್ಕೆ 'ಶಿವ್ರಾಕ್' ಎನ್ನುತ್ತಾರೆ. ನಮ್ಮ 'ಶ್ರಾವಕ' ಶಬ್ದವೇ ತಿರುಗಿ ಹೀಗಾಗಿದೆ ಎಂದು ಹೇಳುವವರುಂಟು. ಬಾಂದಿವಡೆಯಲ್ಲಿ ಬಸದಿ ಪಾಳುಬಿದ್ದರೂ ಮಾತಿನಲ್ಲಿ ನಮ್ಮವರು ಉಳಿದಿದ್ದಾರೆಂದು ಮಕ್ಕಳಿಗೆ ಹೇಳಿದಾಗ ಅವರ ಮುಖ ಅರಳುತ್ತದೆ. ಶಾಲೆಯಲ್ಲಿ "ನಾವು ಶಿವ್ರಾಕ್" ಎಂದರೆ ಸಾಕು, ಗೆಳೆಯರಿಗೆ ಅರ್ಥವಾಗುತ್ತದೆ. ಜೈನರೆಂದರೆ ಅರ್ಥವಾಗುವುದಿಲ್ಲ.

ಹಬ್ಬಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಭಾದ್ರಪದ ಚೌತಿ ಇಲ್ಲಿಯ ದೊಡ್ಡ ಹಬ್ಬ, ಶಾಲೆಗಳಿಗೆಲ್ಲ ರಜೆ. ಮರುದಿನ ಪಂಚಮಿಗೆ ನಮ್ಮ ದಶಲಕ್ಷಣ ಪರ್ವ ಆರಂಭ. ಹೀಗಾಗಿ ಉತ್ತಮ ಕ್ಷಮೆ, ಮಾರ್ದವ, ಆರ್ಜವದ ದಿನಗಳಲ್ಲಿ ಮಕ್ಕಳು ಮನೆಯಲ್ಲೇ ಇರುತ್ತಾರೆ, ಸ್ವಾಧ್ಯಾಯಕ್ಕೆ ಕುಳ್ಳಿರಿಸಬಹುದು. ಶಾಲೆ ತೆರೆಯಿತೋ, ಪರೀಕ್ಷೆಯ ಗಡಿಬಿಡಿ. ಅನಂತ ಚತುರ್ದಶಿಯಂದು ಏಕಾಶನ ಹಿಡಿದ ತಾಯಿ ಕಚೇರಿಗೆ ಹೋಗಿ, ಬಂದು, ಮಗನ ಗಣಿತದ ಲೆಕ್ಕ ಬಿಡಿಸಿ, ಆಮೇಲೆ ಪೂಜೆಯ ಪುಸ್ತಕ ಹಿಡಿಯುತ್ತಾಳೆ.

ಇನ್ನು ದುಡ್ಡಿನ ವಿಚಾರ. ತರಕಾರಿ, ಹಾಲು ಬೆಳಗಾವಿಯ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಘಟ್ಟದಲ್ಲಿ ಮಣ್ಣು ಕುಸಿದರೆ ಇಲ್ಲಿ ಬೀನ್ಸಿನ ಬೆಲೆ ಏರುತ್ತದೆ. ಗಡ್ಡೆ ಗೆಣಸು, ಈರುಳ್ಳಿ ಬಿಟ್ಟವರಿಗೆ ಇದು ಇನ್ನೂ ಬಿಸಿ. ಸರ್ಕಾರದ ತೋಟಗಾರಿಕಾ ನಿಗಮದ ಅಂಗಡಿಗಳಲ್ಲಿ ತರಕಾರಿ ಸಹಾಯಧನದ ದರಕ್ಕೆ ಸಿಗುತ್ತದೆ, ಹೊಸದಾಗಿ ಬಂದವರು ಅದನ್ನು ಮೊದಲು ಗುರುತು ಮಾಡಿಕೊಳ್ಳಬೇಕು. 2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿ ಲಾರಿಗಳು ನಿಂತಾಗ, ಊರಿನಿಂದ ತಂದಿಟ್ಟ ಹೆಸರುಬೇಳೆ, ಒಣ ಹಪ್ಪಳ, ಉಪ್ಪಿನ ನೆಲ್ಲಿಯ ಮೇಲೆ ದಿನ ತಳ್ಳಿದ ಮನೆಗಳು ನಮ್ಮವು.

ಬಾಡಿಗೆಯ ಕರಾರು ಹನ್ನೊಂದು ತಿಂಗಳಿನದು. ಕಡಲ ದಂಡೆಯ ಊರುಗಳಲ್ಲಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಹೆಚ್ಚು ಹಣವೆಂದು ಸಂಸಾರಸ್ಥರಿಗೆ ಮನೆ ಕೊಡಲು ಒಪ್ಪದವರುಂಟು. ವರ್ಷಕ್ಕೊಮ್ಮೆ ಗಂಟು ಕಟ್ಟಿದರೆ ಮಕ್ಕಳ ಶಾಲೆಯೂ ಬದಲು. ಅದಕ್ಕೇ ಒಳಗಿನ ಊರುಗಳಲ್ಲಿ, ಇಕ್ಕಟ್ಟಾದರೂ ಸರಿ, ಮನೆ ಹಿಡಿಯುವುದು ಲೇಸು.

ಗಣಿಯ ಆಸರೆಯಲ್ಲಿದ್ದ ಮನೆಗಳ ಕಥೆ ಬೇರೆ. ಅದಿರು ಅಗೆಯುವವನಷ್ಟೇ ಅಲ್ಲ, ಲಾರಿಯವನು, ಮಾಂಡವಿ ಜುವಾರಿಗಳಲ್ಲಿ ದೋಣಿ ನಡೆಸುವವನು, ಗ್ಯಾರೇಜಿನವನು, ಲೆಕ್ಕ ಬರೆಯುವವನು, ಬಿಡಿಭಾಗ ಮಾರುವವನು ಎಲ್ಲರೂ ಅದರ ಮೇಲಿದ್ದವರು. 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದವು. 2014ರಲ್ಲಿ ಮಿತಿ ಹಾಕಿ ಬಿಟ್ಟರು. 2018ರ ಫೆಬ್ರುವರಿಯಲ್ಲಿ ಕೋರ್ಟು 88 ಗುತ್ತಿಗೆಗಳನ್ನು ರದ್ದು ಮಾಡಿತು, ಮಾರ್ಚ್ 16ರಿಂದ ಮತ್ತೆ ಎಲ್ಲ ಸ್ತಬ್ಧ. ಭೂಮಿಯನ್ನು ಬಗೆದ ಕೆಲಸ ನಿಂತದ್ದಕ್ಕೆ ಅಹಿಂಸೆಯ ಮಾತಾಡುವ ನಾವು ಅಳಬೇಕೆ ಎಂದು ಯಾರಾದರೂ ಕೇಳಬಹುದು. ಅಳಬೇಕಾಗಿಲ್ಲ. ಆದರೆ ಸಂಬಳ ನಿಂತ ಮನೆಯಲ್ಲಿ ಶಾಲೆಯ ಶುಲ್ಕದ ದಿನ ಬಂದೇ ಬರುತ್ತದೆ. ಆಗ ತಾಯಿ ಮಕ್ಕಳು ಹುಬ್ಬಳ್ಳಿಗೋ ಅಥಣಿಗೋ ತವರಿಗೆ ಹೋಗಿ, ತಂದೆ ಇಲ್ಲೇ ಬೇರೆ ಕೆಲಸ ಹಿಡಿದು ಒಂದು ಕೋಣೆಯಲ್ಲಿ ಉಳಿದ ಸಂಸಾರಗಳನ್ನು ನಾವು ಕಂಡಿದ್ದೇವೆ. ಎರಡು ಒಲೆ ಉರಿಸಿದರೆ ಖರ್ಚು ಅರ್ಧವಾಗುವುದಿಲ್ಲ. ಮಗು ತಂದೆಯನ್ನು ಲೋಂಡಾ ಗಾಡಿಯಲ್ಲಿ ಬರುವ ಅತಿಥಿಯಂತೆ ನೋಡತೊಡಗುತ್ತದೆ. ಮನೆ ಒಡೆಯುವ ಮುನ್ನ ಒಡವೆ ಕರಗಿಸುವುದು ಮೇಲೆಂಬುದು ನಮ್ಮ ಗಟ್ಟಿ ಅಭಿಪ್ರಾಯ. ಪರಿಗ್ರಹ ಪರಿಮಾಣ ವ್ರತವನ್ನು ಲಾಕರಿನ ಮಟ್ಟಿಗೆ ಆಚರಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. 2022ರ ಕೊನೆಯಲ್ಲಿ ಗಣಿಗಳ ಹರಾಜು ಆರಂಭವಾದಾಗಿನಿಂದ ಕೆಲವರು ಮತ್ತೆ ಆಸೆ ಕಟ್ಟಿಕೊಂಡಿದ್ದಾರೆ. ಒಂದೇ ಕಂಬದ ಮೇಲೆ ಮತ್ತೆ ಮನೆ ಕಟ್ಟುವವರಿಗೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ.

ಮೊದಲಲ್ಲಿ ಹೇಳಿದ ಕಾಗದದ ಮಾತಿಗೆ ಬರೋಣ. ಗೃಹಿಣಿಯರಿಗೆ ತಿಂಗಳ ನೆರವು ಕೊಡುವ 'ಗೃಹ ಆಧಾರ' ಯೋಜನೆ 2012ರಲ್ಲಿ ಬಂತು. ಅದಕ್ಕೆ ಹದಿನೈದು ವರ್ಷ ಗೋವೆಯಲ್ಲಿ ವಾಸವಿರಬೇಕು. ಆಸ್ಪತ್ರೆ ಖರ್ಚಿಗೆ 2016ರಲ್ಲಿ ಬಂದ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆಗೆ ಐದು ವರ್ಷ ಸಾಕು. ಮೂವರವರೆಗಿನ ಕುಟುಂಬಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ, ನಾಲ್ವರು ಅಥವಾ ಹೆಚ್ಚಿದ್ದರೆ ನಾಲ್ಕು ಲಕ್ಷದವರೆಗೆ ಎಂದು ಆ ಯೋಜನೆಯಲ್ಲಿ ನಿಗದಿ ಮಾಡಿದ್ದರು. ವಾಸದ ಈ ವರ್ಷಗಳನ್ನು ತೋರಿಸುವುದು ಬಾಡಿಗೆ ಕರಾರು, ಮಕ್ಕಳ ಶಾಲೆಯ ದಾಖಲೆ, ಮತದಾರರ ಚೀಟಿ ಮುಂತಾದವುಗಳಿಂದ. ಮನೆ ಬದಲಿಸಿದಾಗ ಹಳೆಯ ಕರಾರನ್ನು ಹರಿದು ಎಸೆಯುವ ಸಹೋದರಿಯರು ದಯವಿಟ್ಟು ಕೈ ತಡೆಯಿರಿ. ಊರಿನ ತಂದೆತಾಯಿಯನ್ನು ಚಿಕಿತ್ಸೆಗೆ ಬಾಂಬೋಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಕರೆತರುವವರಿಗೆ ಇನ್ನೊಂದು ಮಾತು: 2018ರ ಜನವರಿಯಲ್ಲಿ ಹೊರರಾಜ್ಯದ ರೋಗಿಗಳಿಗೆ ಅಲ್ಲಿ ಶುಲ್ಕ ಹಾಕಿದರು. ನೀವು ಇಲ್ಲಿಯವರಾದರೂ ಅವರು ಇಲ್ಲಿಯವರಲ್ಲ, ಲೆಕ್ಕ ಹಾಕಿಕೊಂಡೇ ಕರೆತನ್ನಿ.

ಹೊರಗಿನವರೆಂಬ ಮಾತು ಕೆಲವು ಸಲ ಕಾಗದಕ್ಕಿಂತ ಬಿರುಸಾಗಿ ಬರುತ್ತದೆ. 2004ರ ಜೂನಿನಲ್ಲಿ ವಾಸ್ಕೋದ ಬೈನಾ ದಂಡೆಯ ಗುಡಿಸಲುಗಳನ್ನು ಕೆಡವಿದಾಗ ಮಳೆಯಲ್ಲಿ ನಿಂತವರಲ್ಲಿ ಬಹಳ ಮಂದಿ ಕನ್ನಡದ ಕೂಲಿಕಾರರು. ಕಚೇರಿಯ ಕೆಲಸದವರಾದ ನಮಗೆ ಆ ಪೆಟ್ಟು ಬಿದ್ದಿಲ್ಲ, ಹಾಗೆಂದು ಅವರು ಬೇರೆ ನಾವು ಬೇರೆ ಎನ್ನುವುದು ಸರಿಯಲ್ಲ. ನಮ್ಮ ಮನೆಯ ಗೋಡೆ ಕಟ್ಟಿದವರು ಅವರೇ. ಮಹದಾಯಿಯ ಜಗಳ ಏರಿದಾಗ, 2018ರ ಜನವರಿಯ ಬಂದ್‌ನಂಥ ದಿನಗಳಲ್ಲಿ, ನಮ್ಮ ಮಕ್ಕಳನ್ನೂ ಶಾಲೆಯಲ್ಲಿ "ನಿಮ್ಮವರು ನಮ್ಮ ನೀರು ಕದಿಯುತ್ತಾರೆ" ಎಂದು ಕೇಳುತ್ತಾರೆ. ಹತ್ತು ವರ್ಷದ ಹುಡುಗಿ ಏನು ಉತ್ತರ ಕೊಡಬೇಕು? ಇಲ್ಲಿಯ ನಲ್ಲಿಯ ನೀರನ್ನೇ ಬಟ್ಟೆ ಕಟ್ಟಿ ಸೋಸಿ ಕುಡಿಯುವವಳು ಅವಳು. ಅವಳು ಕೊಂಕಣಿಯಲ್ಲೇ ಉತ್ತರ ಕೊಟ್ಟಳೆಂದು ಆಮೇಲೆ ತಿಳಿಯಿತು. ಏನು ಹೇಳಿದಳೆಂದು ಕೇಳಿದರೆ ಹೇಳಲಿಲ್ಲ.

ಕನ್ನಡದ ಅಕ್ಷರ ಕಲಿಸುವ ಕೆಲಸ ಮಾತ್ರ ನಮ್ಮ ಪಾಲಿನದೇ. ಶಾಲೆಯ ಇಂಗ್ಲಿಷ್, ಕೊಂಕಣಿ, ಹಿಂದಿಗಳ ನಡುವೆ ಅದಕ್ಕೆ ಉಳಿಯುವುದು ಭಾನುವಾರದ ಒಂದು ತಾಸು. ಮಡಗಾಂವಿನ ಒಂದು ಮನೆಯಲ್ಲಿ ಈಗ ಆರು ಮಕ್ಕಳು ಕೂಡುತ್ತಾರೆ. ಮೊದಲು ಣಮೋಕಾರ ಮಂತ್ರವನ್ನು ಕನ್ನಡ ಲಿಪಿಯಲ್ಲಿ ಬರೆಯುವುದು, ಆಮೇಲೆ ಈ ಪತ್ರಿಕೆಯ ಮಕ್ಕಳ ಪುಟ. ಹಳೆಯ ಸಂಚಿಕೆಗಳಿರುವ ಬಂಧುಗಳು ರದ್ದಿಗೆ ಹಾಕದೆ ಕಟ್ಟಿ ಇಟ್ಟರೆ, ಬೆಳಗಾವಿಗೆ ಬಂದವರು ಯಾರಾದರೂ ಬಸ್ಸಿನಲ್ಲಿ ತರುತ್ತೇವೆ.