ಅರ್ಧವಿರಾಮದ ಆಚೆಯ ಕನ್ನಡ

ನಾನಿರುವ ಮರ್ಫಿ ಟೌನಿನಲ್ಲಿ ಒಂದು ಬೀದಿಯನ್ನು ದಾಟುವುದರೊಳಗೆ ತಮಿಳು, ತೆಲುಗು, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲವೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂದು ನುಡಿಯನ್ನು ಬದಲಿಸುವುದು ಇಲ್ಲಿಯ ಮಕ್ಕಳಿಗೆ ಆಟದಷ್ಟೇ ಸಲೀಸು. ಅಂಥವರೂ ಡಿಪ್ಲೊಮಾ ತರಗತಿಗೆ ಹೋಗಿ ಮೈಕ್ರೊಕಂಟ್ರೋಲರಿನ ಅಸೆಂಬ್ಲಿ ಭಾಷೆಯನ್ನು ಕಂಡೊಡನೆ, ‘ನಾವು ಕನ್ನಡ ಮಾಧ್ಯಮದವರು, ಇದು ನಮಗೆ ಹತ್ತದು’ ಎಂದು ಹಿಂಜರಿಯುವುದನ್ನು ಕಂಡಿದ್ದೇನೆ. ಈ ಅಂಜಿಕೆಗೆ ಆಧಾರವಿಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಪ್ರಯೋಗಶಾಲೆಗಳಿಗೆ ಬಹುಕಾಲದಿಂದ ಪರಿಚಿತವಾದ 8051 ಎಂಬ ಚಿಪ್ಪನ್ನೇ ತೆಗೆದುಕೊಳ್ಳೋಣ. ಇಂಟೆಲ್ ಸಂಸ್ಥೆ ಅದನ್ನು ಹೊರತಂದುದು 1980ರಲ್ಲಿ. ಅದರೊಳಗೆ ಪ್ರೋಗ್ರಾಮಿಗೆ 4,096 ಬೈಟುಗಳ ಸ್ಥಳ, ಲೆಕ್ಕದ ಅಂಕಿಗಳಿಗೆ 128 ಬೈಟುಗಳ ಸ್ಥಳ. ಅದು ಬಲ್ಲ ಆಜ್ಞೆಗಳು ಒಟ್ಟು 111. ಅವುಗಳಲ್ಲೊಂದು ‘ಡಿಜೆಎನ್‌ಝಡ್’. ಇದು ಯಾರ ಮಾತೃಭಾಷೆ? ಲಂಡನ್ನಿನ ಹುಡುಗನಿಗೂ ಹಲಸೂರಿನ ಹುಡುಗನಿಗೂ ಮೊದಲ ದಿನ ಅದು ಸಮಾನವಾಗಿ ಅಪರಿಚಿತ. ಅರ್ಥವಾದರೋ ಸರಳ: ‘ಒಂದನ್ನು ಕಳೆ, ಸೊನ್ನೆಯಾಗದಿದ್ದರೆ ಹೇಳಿದ ಕಡೆಗೆ ಹೋಗು.’

ಪುಟ್ಟ ದೀಪವೊಂದನ್ನು ಅರ್ಧ ಸೆಕೆಂಡಿಗೊಮ್ಮೆ ಹೊತ್ತಿಸಿ ಆರಿಸಬೇಕೆಂದಿಟ್ಟುಕೊಳ್ಳಿ. 12 ಮೆಗಾಹರ್ಟ್ಸ್ ಸ್ಫಟಿಕ ಜೋಡಿಸಿದ 8051ರಲ್ಲಿ ಈ ಆಜ್ಞೆಗೆ ತಗಲುವ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ. ಎಣಿಕೆಯ ಒಂದೊಂದು ಮನೆಯಲ್ಲಿಯೂ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಆದುದರಿಂದ ಮೂರು ಮನೆಗಳಲ್ಲಿ 250, 250, 4 ಎಂದಿಟ್ಟು, ಒಂದರೊಳಗೊಂದು ಸುತ್ತಿಸಬೇಕು. ಗುಣಿಸಿದರೆ 2,50,000 ಸುತ್ತು; ಕಾಲ ಸುಮಾರು ಅರ್ಧ ಸೆಕೆಂಡು. ಇದಕ್ಕೆ ಬೇಕಾದುದು ಮಗ್ಗಿ, ತಾಳ್ಮೆ, ಇಂಗ್ಲಿಷ್ ಅಲ್ಲ.

‘ಕೆಲಸಕ್ಕೆ ಸಿ ಭಾಷೆ ಸಾಕು, ಈಗ ಪ್ರೋಗ್ರಾಮುಗಳನ್ನು ಯಂತ್ರಗಳೇ ಬರೆಯುತ್ತಿವೆ, ಈ ಪಾಡೇಕೆ?’ ಎಂದು ಕೇಳುವವರಿದ್ದಾರೆ. ಹೊಟ್ಟೆಪಾಡಿನ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಆದರೆ ಮೇಲಿನ ಲೆಕ್ಕವನ್ನು ಸ್ವತಃ ಮಾಡಿದ ವಿದ್ಯಾರ್ಥಿಗೆ ಒಂದು ವಿಷಯ ಹೊಳೆಯುತ್ತದೆ: ಹೀಗೆ ಎಣಿಸುತ್ತಿರುವಷ್ಟು ಹೊತ್ತು ಚಿಪ್ಪು ಬೇರಾವ ಕಾರ್ಯವನ್ನೂ ಮಾಡಲಾರದು. ಹಾಗಾದರೆ ಎಣಿಕೆಯನ್ನು ಬೇರೊಬ್ಬರಿಗೆ ವಹಿಸಬಾರದೇಕೆ ಎಂದು ಅವನೇ ಕೇಳುತ್ತಾನೆ. ಅದಕ್ಕಾಗಿಯೇ 8051ರಲ್ಲಿ ಎರಡು ಟೈಮರುಗಳಿವೆ. ಪ್ರಶ್ನೆ ಮೊದಲು ಹುಟ್ಟಿ ಉತ್ತರ ಆಮೇಲೆ ಸಿಕ್ಕುವ ಈ ಕ್ರಮವನ್ನೇ ವಿದ್ಯೆಯೆನ್ನುವುದು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದುದು 1985ರಲ್ಲಿ. ಚಿಪ್ಪುಗಳ ರಚನೆಗೆ ಹೆಸರಾದ ಈ ಊರಿನಲ್ಲಿ ಅವುಗಳ ಮರ್ಮವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ದನಿ ನನ್ನ ಕಿವಿಗೆ ಬಿದ್ದುದು ಅಪರೂಪ. ಪಾರಿಭಾಷಿಕ ಪದಗಳಿಲ್ಲವೆಂಬುದು ಸಬೂಬು ಮಾತ್ರ. ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಕೃತಿಯಲ್ಲಿ ಸಸ್ಯಗಳ ಶಾಸ್ತ್ರೀಯ ನಾಮಗಳನ್ನು ಕೈಬಿಡದೆಯೇ ಸಸ್ಯಶಾಸ್ತ್ರವನ್ನು ರಸವತ್ತಾದ ಕನ್ನಡದಲ್ಲಿ ಹೇಳಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೆಸರುಗಳು ಹೊರಗಿನವಾದರೇನು, ವಿವರಣೆ ನಮ್ಮದಾಗಬಹುದು.

ಅಧ್ಯಾಪಕ ಮಿತ್ರರಲ್ಲಿ ಒಂದೇ ಸೂಚನೆ. 8051ರ ಅಸೆಂಬ್ಲಿಯಲ್ಲಿ ಆಜ್ಞೆಯ ಮುಂದೆ ಅರ್ಧವಿರಾಮದ ಚಿಹ್ನೆಯಿಟ್ಟು ಬರೆದುದನ್ನು ಯಂತ್ರ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅದು ಓದುವ ಮನುಷ್ಯನಿಗೆಂದು ಬಿಟ್ಟ ಜಾಗ. ವಿದ್ಯಾರ್ಥಿ ತನ್ನ ಪ್ರಯೋಗದ ಪುಸ್ತಕದಲ್ಲಿ ಆ ಜಾಗವನ್ನು ಕನ್ನಡದಲ್ಲಿ ತುಂಬಲಿ. ಸಾಲು ಸಾಲಿಗೂ ‘ಇದನ್ನೇಕೆ ಮಾಡಿದೆ’ ಎಂದು ತನ್ನ ನುಡಿಯಲ್ಲಿ ಬರೆಯಬಲ್ಲವನು ಪಾಠವನ್ನು ಅರಿತಿದ್ದಾನೆ. ಬರೆಯಲಾರದವನಿಗೆ ಇನ್ನೊಮ್ಮೆ ಹೇಳಿಕೊಡಬೇಕು. ಇದಕ್ಕೆ ಹೊಸ ಪಠ್ಯಕ್ರಮ ಬೇಡ, ಸರಕಾರದ ಆಜ್ಞೆಯೂ ಬೇಡ. ಮುಂದಿನ ತರಗತಿಯಿಂದಲೇ ಆರಂಭಿಸಬಹುದು.