ಪುಸ್ತಕದ ಮಗು ತೆರೆಗೆ ಬಂದಾಗ ಸೋಲುವುದೇಕೆ?

ಮಕ್ಕಳ ಕಾದಂಬರಿಯೊಂದು ಸಿನಿಮಾ ಆಗಿ ಬಂದರೆ, ಅದನ್ನು ಮೊದಲೇ ಓದಿದ ಮಗು ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಪುಸ್ತಕದಾಗ ಹಿಂಗಿಲ್ಲ." ಮಾಯಾಲೋಕದ ಕಥೆಯಾದರಂತೂ ಈ ದೂರು ಇನ್ನೂ ಜೋರು. ದೊಡ್ಡವರ ಸಮಾಧಾನವೂ ಸಿದ್ಧವಾಗಿರುತ್ತದೆ: "ಸಿನಿಮಾ ಅಂದ್ರೆ ಹಂಗೇ." ನಮ್ಮೂರು ಭಾನುವಳ್ಳಿಯಲ್ಲಿ ಕೂತು ಹಾಲಿವುಡ್ಡಿನ ಚರ್ಚೆ ಯಾಕೆ ಎಂದು ಕೇಳಬಹುದು. ಸಿನಿಮಾಕ್ಕಾಗಿ ಹರಿಹರಕ್ಕೋ ದಾವಣಗೆರೆಗೋ ಬಸ್ಸು ಹತ್ತಲೇಬೇಕಿದ್ದ ಕಾಲ ಮುಗಿದಿದೆ. ಆ ಚಿತ್ರಗಳೆಲ್ಲ ಈಗ ಕಟ್ಟೆಯ ಮೇಲೆ ಕೂತ ಹುಡುಗರ ಫೋನಿನಲ್ಲೇ ಇವೆ. ಹಾಗಾಗಿ ಮಗುವಿನ ದೂರನ್ನು ಸ್ವಲ್ಪ ತಾಳ್ಮೆಯಿಂದ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲಿಗೆ ಸಿನಿಮಾದವರ ಪರವಾಗಿ ಒಂದು ಮಾತು. ಕಾದಂಬರಿಯನ್ನು ಇದ್ದಂತೆಯೇ ತೆರೆಗೆ ತರುವುದು ಆಗದ ಕೆಲಸ. 'ಹ್ಯಾರಿ ಪಾಟರ್' ಸರಣಿಯ ನಾಲ್ಕನೆಯ ಪುಸ್ತಕ ಆರುನೂರು ಪುಟಗಳನ್ನೂ ಮೀರಿದ್ದು. 2005ರಲ್ಲಿ ಬಂದ ಅದರ ಚಿತ್ರ ಎರಡೂವರೆ ಗಂಟೆ ಚಿಲ್ಲರೆ. ಮನೆಗೆಲಸದ ಕುಳ್ಳರ ಹಕ್ಕಿಗಾಗಿ ಹ್ಯಾರಿಯ ಗೆಳತಿ ಹರ್ಮಾಯ್ನಿ ನಡೆಸುವ ಹೋರಾಟ ಪೂರ್ತಿ ಬಿಟ್ಟುಹೋಯಿತು. ಆದರೂ ಓದುಗ ಮಕ್ಕಳು ಚಿತ್ರವನ್ನು ಕೈಬಿಡಲಿಲ್ಲ. ಬಿಟ್ಟದ್ದರಿಂದಲೇ ಚಿತ್ರ ಕೆಡುವುದಿದ್ದರೆ ಆ ಸರಣಿ ಎಂಟು ಚಿತ್ರಗಳವರೆಗೆ ನಡೆಯುತ್ತಲೇ ಇರಲಿಲ್ಲ. ಹಾಗಾದರೆ ಕೆಡುವುದು ಎಲ್ಲಿ? ಕಥೆಯ ಮಗು ತಾನು ಮಾಡಿದ ಆಯ್ಕೆಗೆ ತೆರಬೇಕಾದ ಬೆಲೆಯನ್ನು ಚಿತ್ರ ಮಾಡುವವರು ಮನ್ನಾ ಮಾಡಿದಾಗ.

ಜರ್ಮನಿಯ ಮಿಖಾಯೆಲ್ ಎಂಡೆ 1979ರಲ್ಲಿ ಬರೆದ 'ದಿ ನೆವರ್ ಎಂಡಿಂಗ್ ಸ್ಟೋರಿ' ನೋಡಿ. ಬಾಸ್ಟಿಯನ್ ಎಂಬ ಪುಕ್ಕಲ ಹುಡುಗ ಪುಸ್ತಕ ಓದುತ್ತಾ ಓದುತ್ತಾ ಅದರೊಳಗಿನ ಲೋಕಕ್ಕೇ ಇಳಿದುಬಿಡುತ್ತಾನೆ. ಅಲ್ಲಿ ಅವನು ಬಯಸಿದ್ದೆಲ್ಲ ಸಿಗುತ್ತದೆ. ಆದರೆ ಒಂದೊಂದು ಬಯಕೆ ಈಡೇರಿದಾಗಲೂ ತನ್ನ ಮನೆಯ, ಅಪ್ಪನ, ಕೊನೆಗೆ ತನ್ನದೇ ನೆನಪು ಒಂದಿಷ್ಟು ಅಳಿಸಿಹೋಗುತ್ತದೆ. ಕಾದಂಬರಿಯ ಜೀವ ಇರುವುದೇ ಇಲ್ಲಿ. 1984ರ ಚಿತ್ರ ಸುಮಾರು ಅರ್ಧ ಕಥೆಗೇ ನಿಂತಿತು. ಕೊನೆಯಲ್ಲಿ ಹುಡುಗ ಹಾರುವ ಡ್ರ್ಯಾಗನ್ ಏರಿ ಬಂದು, ತನ್ನನ್ನು ಗೋಳು ಹೊಯ್ದುಕೊಂಡಿದ್ದ ಪೋಕರಿಗಳನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ. ಬಯಕೆಗೆ ಬೆಲೆಯಿದೆ ಎಂದಿದ್ದ ಕಥೆ, ಬಯಸಿದ್ದೆಲ್ಲ ಪುಕ್ಕಟೆ ಎನ್ನುವ ಕಥೆಯಾಯಿತು. ಎಂಡೆ ಸಿಟ್ಟಾಗಿ, ಚಿತ್ರದಿಂದ ತನ್ನ ಹೆಸರು ತೆಗೆಯಿರಿ ಎಂದು ಪಟ್ಟು ಹಿಡಿದ.

ಫಿಲಿಪ್ ಪುಲ್‌ಮನ್‌ನ 1995ರ ಕಾದಂಬರಿಯನ್ನು ಆಧರಿಸಿ 2007ರಲ್ಲಿ ಬಂದ 'ದಿ ಗೋಲ್ಡನ್ ಕಂಪಾಸ್' ಚಿತ್ರದ್ದೂ ಇದೇ ಪಾಡು. ಲೈರಾ ಎಂಬ ಹುಡುಗಿ ಗೆಳೆಯ ರೋಜರ್‌ನನ್ನು ಕಾಪಾಡಲು ಹಿಮದ ನಾಡಿಗೆ ಹೊರಡುತ್ತಾಳೆ. ಕೊನೆಗೆ ತನಗೇ ತಿಳಿಯದೆ ಅವನನ್ನು ಸಾವಿನ ಬಾಯಿಗೇ ಒಯ್ಯುತ್ತಾಳೆ. ಪುಸ್ತಕ ಮುಚ್ಚಿದ ಮೇಲೂ ಮಗುವಿನ ಎದೆಯಲ್ಲಿ ಉಳಿಯುವುದು ಇದೇ. ಆ ಕೊನೆಯ ಅಧ್ಯಾಯಗಳ ಚಿತ್ರೀಕರಣವೂ ಆಗಿತ್ತು. ಆದರೆ ಬಿಡುಗಡೆಯ ಹೊತ್ತಿಗೆ ಅವಕ್ಕೆ ಕತ್ತರಿ ಬಿತ್ತು. ಎಲ್ಲ ಸುಖವಾಗಿದೆ ಎಂಬ ಜಾಗದಲ್ಲಿ ಚಿತ್ರ ಮುಗಿಯಿತು. ಮುಂದಿನ ಭಾಗಗಳು ಬರಲೇ ಇಲ್ಲ. 'ಪರ್ಸಿ ಜಾಕ್ಸನ್' ಕಾದಂಬರಿಯ ನಾಯಕ ಹನ್ನೆರಡರ ಹುಡುಗ. 2010ರ ಚಿತ್ರದಲ್ಲಿ ಅವನು ಹೈಸ್ಕೂಲು ಮುಗಿಸುವ ವಯಸ್ಸಿನ ತರುಣ. ಹನ್ನೆರಡರ ಹುಡುಗ ಅಮ್ಮನನ್ನು ಹುಡುಕಿ ಹೊರಡುವುದಕ್ಕೂ ಮೀಸೆ ಚಿಗುರಿದವನು ಹೊರಡುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ತಾಯಿಗೂ ವಿವರಿಸಬೇಕಿಲ್ಲ.

ಹೀಗೇಕೆ ಮಾಡುತ್ತಾರೆ? ದುಡ್ಡಿನ ಲೆಕ್ಕ ನೋಡಿದರೆ ತಿಳಿಯುತ್ತದೆ. 'ಗೋಲ್ಡನ್ ಕಂಪಾಸ್' ಚಿತ್ರಕ್ಕೆ ಸುರಿದದ್ದು ಸುಮಾರು 18 ಕೋಟಿ ಡಾಲರ್. ಅಮೆರಿಕದಲ್ಲಿ ಗಳಿಸಿದ್ದು ಸುಮಾರು 7 ಕೋಟಿ. ಮಾತಾಡುವ ಕರಡಿ, ಹಾರುವ ಮಾಟಗಾತಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸೃಷ್ಟಿಸಬೇಕು, ಅದಕ್ಕೆ ಖರ್ಚು ವಿಪರೀತ. ಖರ್ಚು ಏರಿದಂತೆ ಯಾರನ್ನೂ ನೋಯಿಸಬಾರದು ಎಂಬ ಭಯವೂ ಏರುತ್ತದೆ. ಧರ್ಮದ ಅಧಿಕಾರವನ್ನು ಟೀಕಿಸುವ ಭಾಗ ಮೆತ್ತಗಾಗುತ್ತದೆ, ಸಾವು ಮುಂದಿನ ಭಾಗಕ್ಕೆ ಹೋಗುತ್ತದೆ, ಹರೆಯದವರೂ ಟಿಕೆಟ್ ಕೊಳ್ಳಲಿ ಎಂದು ನಾಯಕನ ವಯಸ್ಸು ಏರುತ್ತದೆ. ಇದರ ಹಿಂದೆ ಇನ್ನೊಂದು ಅಪನಂಬಿಕೆಯೂ ಇದೆ. ಕಷ್ಟದ ಕೊನೆಯನ್ನು ಮಗು ತಾಳಲಾರದು ಎಂದು ದೊಡ್ಡವರು ತಾವೇ ತೀರ್ಮಾನಿಸಿಬಿಡುತ್ತಾರೆ. ಅದೇ ಕೊನೆಯನ್ನು ಅದೇ ಮಗು ಪುಸ್ತಕದಲ್ಲಿ ಓದಿ, ಮತ್ತೆ ಮೊದಲ ಪುಟಕ್ಕೆ ಮರಳಿರುತ್ತದೆ.

ಇನ್ನು ನಮ್ಮ ಕಡೆ ಬರೋಣ. ಮಕ್ಕಳ ಮಾಯಾಕಥೆಯನ್ನು ಕನ್ನಡ ಚಿತ್ರರಂಗ ಮುಟ್ಟಿದ್ದೇ ಕಡಿಮೆ. ಆದರೆ ರೂಪಾಂತರ ಹೇಗಿರಬೇಕು ಎಂಬುದಕ್ಕೆ ನಮ್ಮ ಕಾವ್ಯದಲ್ಲೇ ಒಂದು ಮಾದರಿಯಿದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮೂಲದಲ್ಲಿ ರಾಬರ್ಟ್ ಬ್ರೌನಿಂಗ್‌ನ ಕವಿತೆ. ಕುವೆಂಪು ಅದನ್ನು ಜರ್ಮನಿಯಿಂದ ತುಂಗೆಯ ದಡಕ್ಕೆ ತಂದರು. ಊರು ಬದಲಾಯಿತು, ನಗರಾಧ್ಯಕ್ಷ ಹೋಗಿ ಗೌಡ ಬಂದ. ಆದರೆ ಕೊಟ್ಟ ಮಾತಿಗೆ ತಪ್ಪಿದವನ ತಪ್ಪಿಗೆ ಊರಿನ ಮಕ್ಕಳು ಬೆಟ್ಟದೊಳಗೆ ಹೋಗಿಬಿಡುವುದನ್ನು ಕುವೆಂಪು ಸಿಹಿ ಮಾಡಲಿಲ್ಲ. ಶಾಲಾ ವಾರ್ಷಿಕೋತ್ಸವದ ರಂಗದ ಮೇಲೆ ಹಗ್ಗದ ಬಾಲ ಕಟ್ಟಿಕೊಂಡ ಹುಡುಗರು ಇಲಿಗಳಾಗಿ ಓಡಿದರೂ ಆ ಕಥೆ ನಾಟುವುದು ಅದಕ್ಕೇ. ಅಂದಹಾಗೆ, 1989ರಲ್ಲಿ ಬಂದ ರವಿಚಂದ್ರನ್ ಅವರ 'ಕಿಂದರಿ ಜೋಗಿ' ಚಿತ್ರಕ್ಕೂ ಈ ಪದ್ಯಕ್ಕೂ ನಂಟು ಹೆಸರಿನದ್ದು ಮಾತ್ರ.

ಮಾಯೆಯಿಲ್ಲದಿದ್ದರೂ ಮಕ್ಕಳ ಕಾದಂಬರಿಯೊಂದು ಕನ್ನಡದಲ್ಲಿ ಗೆದ್ದ ಉದಾಹರಣೆ 'ಬೆಟ್ಟದ ಹೂವು'. ಅಮೆರಿಕದ ಲೇಖಕಿ ಶರ್ಲಿ ಅರೋರಾ ಬರೆದ 'ವಾಟ್ ದೆನ್, ರಾಮನ್?' ಕಾದಂಬರಿಯನ್ನು ಎನ್. ಲಕ್ಷ್ಮೀನಾರಾಯಣ್ 1985ರಲ್ಲಿ ಚಿತ್ರವಾಗಿಸಿದರು. ಬಡ ಹುಡುಗ ರಾಮು ಕಾಡಿನ ಅಪರೂಪದ ಹೂಗಳನ್ನು ತಂದು ಮಾರಿ ಕಾಸು ಕೂಡಿಡುತ್ತಾನೆ. ಮೂಲದ ಹುಡುಗನಿಗೆ ಬೇಕಿದ್ದದ್ದು ರಾಮಾಯಣ; ಕನ್ನಡದ ರಾಮುವಿಗೆ ಬೇಕಿದ್ದದ್ದು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'. ಹೀಗೆ ನಾಡು, ನುಡಿ, ಪುಸ್ತಕ ಎಲ್ಲವೂ ಬದಲಾದವು. ಆದರೆ ದುಡ್ಡು ಕೂಡಿದ ಹೊತ್ತಿಗೆ ಮನೆಯವರು ಚಳಿಯಲ್ಲಿ ನಡುಗುತ್ತಿರುತ್ತಾರೆ. ರಾಮು ಪುಸ್ತಕ ಬಿಟ್ಟು ಕಂಬಳಿ ಕೊಳ್ಳುತ್ತಾನೆ. ಕೊನೆಗೆ ಯಾರೋ ದಾನಿ ಬಂದು ಎರಡನ್ನೂ ಕೊಡಿಸಿಬಿಡುವಂತೆ ಮಾಡುವುದು ಚಿತ್ರಕ್ಕೆ ಕಷ್ಟವೇನಾಗಿರಲಿಲ್ಲ. ಹಾಗೆ ಮಾಡಲಿಲ್ಲ. ರಾಮುವಿನ ಪಾತ್ರಕ್ಕೆ ಪುನೀತ್ ರಾಜ್‌ಕುಮಾರ್ ಅವರಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು.

ಆರ್. ಕೆ. ನಾರಾಯಣ್ ಅವರ ಸ್ವಾಮಿಯ ವಿಷಯವೂ ಅಷ್ಟೇ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಮಾಲ್ಗುಡಿಯನ್ನು ಮಳೆಯ ಆಗುಂಬೆಯಲ್ಲಿ ಕಟ್ಟಿದರು. ಜಾಗ ಬೇರೆಯಾಯಿತೆಂದು ಯಾರೂ ತಕರಾರು ತೆಗೆಯಲಿಲ್ಲ. ಹತ್ತರ ಸ್ವಾಮಿ ಹತ್ತರವನಾಗಿಯೇ ಉಳಿದ, ಅವನ ಭಯಗಳೂ ಅದೇ ಅಳತೆಯಲ್ಲಿ ಉಳಿದವು.

ಇಲ್ಲೊಂದು ಎಚ್ಚರಿಕೆ ಬೇಕು. ಲೇಖಕನಿಗೆ ಬೇಸರವಾಯಿತು ಎಂದ ಮಾತ್ರಕ್ಕೆ ಚಿತ್ರ ಸೋತಂತಲ್ಲ. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ನಾಗರಹಾವನ್ನು ಕೆರೆಹಾವು ಮಾಡಿಬಿಟ್ಟರು ಎಂದು ತರಾಸು ಬೇಸರಪಟ್ಟರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದು ಮಕ್ಕಳ ಕಥೆಯಲ್ಲ, ನಿಜ. ಆದರೆ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಟ್ಟ ರಾಮಾಚಾರಿ ತೆತ್ತ ಬೆಲೆ ತೆರೆಯ ಮೇಲೆ ಕಿಂಚಿತ್ತೂ ಕಡಿಮೆಯಾಗಲಿಲ್ಲ. ಜನ ಒಪ್ಪಿಕೊಂಡದ್ದು ಅದನ್ನೇ.

ಇಷ್ಟರಿಂದ ಕಾಣುವುದೇನೆಂದರೆ, ದೊಡ್ಡ ದುಡ್ಡು ಒಳ್ಳೆಯ ರೂಪಾಂತರಕ್ಕೆ ಖಾತ್ರಿಯೇನಲ್ಲ. ತೇಜಸ್ವಿಯವರ ಸಣ್ಣಕಥೆಯನ್ನು ಆಧರಿಸಿದ 'ಡೇರ್‌ಡೆವಿಲ್ ಮುಸ್ತಾಫಾ' 2023ರಲ್ಲಿ ಬಂದದ್ದು ತೇಜಸ್ವಿಯವರ ಓದುಗರೇ ಕೈಜೋಡಿಸಿ ಹೂಡಿದ ಹಣದಿಂದ. ಕಥೆಯಲ್ಲಿ ಯಾವುದನ್ನು ಮುಟ್ಟಬಾರದು ಎಂಬುದು ಓದಿದವರಿಗೆ ಗೊತ್ತಿರುತ್ತದೆ. ಮಕ್ಕಳ ಚಿತ್ರ ಮಾಡಹೊರಡುವವರು ಮೊದಲು ಆ ಪುಸ್ತಕ ಓದಿದ ಹತ್ತು ಮಕ್ಕಳನ್ನು ಕೂರಿಸಿ ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಪಾಲಕರಲ್ಲಿ, ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಮಗು "ಪುಸ್ತಕದಾಗ ಹಿಂಗಿಲ್ಲ" ಎಂದರೆ ಸುಮ್ಮನಿರು ಎನ್ನಬೇಡಿ. "ಪುಸ್ತಕದಲ್ಲಿ ಆ ಹುಡುಗ ಕೊನೆಗೆ ಏನು ಬಿಟ್ಟುಕೊಟ್ಟ? ಸಿನಿಮಾದಲ್ಲಿ?" ಎಂದು ಕೇಳಿ. ಈ ಎರಡು ಉತ್ತರಗಳ ನಡುವೆ ಇಡೀ ವಿಮರ್ಶೆ ಇರುತ್ತದೆ, ಅದನ್ನು ನಾಲ್ಕನೇ ಕ್ಲಾಸಿನ ಮಗುವೂ ಮಾಡಬಲ್ಲದು. ಅದಕ್ಕೆ ಮಗು ಮೊದಲು ಪುಸ್ತಕ ಓದಿರಬೇಕು, ಅಷ್ಟೇ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ 'ಅರಿವು ಕೇಂದ್ರ' ಎಂಬ ಹೆಸರಿನಲ್ಲಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಫೋನು ಆಮೇಲೆ ಕೊಟ್ಟರಾಯಿತು.