ಕದನವಾರ್ತೆಯ ಹಿಂದೆ

ಯುದ್ಧದ ಸುದ್ದಿಯೆಂದರೆ ಮನೆಯಲ್ಲಿ ಕುಳಿತು ಓದುವವರಿಗೆ ಬಹುಮಟ್ಟಿಗೆ ಊರುಗಳ ಹೆಸರು ಮತ್ತು ಸತ್ತವರ ಲೆಕ್ಕ. ಒಂದೇ ನಾಡಿನ ಜನ ತಮ್ಮತಮ್ಮಲ್ಲೇ ಹೊಡೆದಾಡುವಾಗಲಂತೂ ಆ ಲೆಕ್ಕದ ಎರಡು ಕಡೆಯಲ್ಲೂ ಬಂಧುಗಳೇ ಇರುತ್ತಾರೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧ ಅಂಥದು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ಸಂಸ್ಥಾನಗಳು ಒಂದು ಕಡೆ, ಒಕ್ಕೂಟವನ್ನು ಕಾಯಲು ನಿಂತ ಉತ್ತರ ಇನ್ನೊಂದು ಕಡೆ. ರಣರಂಗದ ಸಮಾಚಾರ ತಂತಿಯ ಮೂಲಕ ಬೇಗಬೇಗನೆ ಪತ್ರಿಕೆಗಳನ್ನು ಮುಟ್ಟತೊಡಗಿದ ಕಾಲವದು.

ತಂತಿಗೆ ವೇಗವುಂಟು, ವಿವೇಕವೆಲ್ಲಿಯದು? 1861ರ ಜುಲೈ 21ರಂದು ವಾಷಿಂಗ್‌ಟನ್ನಿಗೆ ಸಮೀಪದ ಬುಲ್ ರನ್ ಹೊಳೆಯ ಬಳಿ ಮೊದಲ ದೊಡ್ಡ ಕಾಳಗ ನಡೆದಾಗ, ಉತ್ತರದ ಸೇನೆ ಗೆದ್ದಿತೆಂದೇ ಮೊದಲು ಸುದ್ದಿ ಹಬ್ಬಿತು. ಸೋತ ಸೈನಿಕರು ಮರುದಿನ ಮಳೆಯಲ್ಲಿ ತೊಯ್ದು ಬಂದಾಗಲೇ ರಾಜಧಾನಿಯ ಜನ ನಿಜವನ್ನರಿತರು.

ಕಡಲಿನಿಂದ ಬಂದ ವಾರ್ತೆ ಇನ್ನೂ ವಿಚಿತ್ರ. 1862ರ ಮಾರ್ಚ್ 8ರಂದು ವರ್ಜೀನಿಯದ ಹ್ಯಾಂಪ್ಟನ್ ರೋಡ್ಸ್ ಎಂಬಲ್ಲಿ ದಕ್ಷಿಣದವರ ಕಬ್ಬಿಣದ ಕವಚದ ಹಡಗು 'ವರ್ಜೀನಿಯ' ಉತ್ತರದ ಒಂದು ಮರದ ಹಡಗನ್ನು ಗುದ್ದಿ ಮುಳುಗಿಸಿತು, ಇನ್ನೊಂದಕ್ಕೆ ಬೆಂಕಿಯಿಟ್ಟಿತು. ಅದು ನದಿಯೇರಿ ಬಂದು ಅಧ್ಯಕ್ಷರ ಭವನದ ಮೇಲೆಯೇ ಗುಂಡು ಹಾರಿಸೀತೆಂದು ಯುದ್ಧಮಂತ್ರಿ ಸ್ಟಾಂಟನ್ ಕಳವಳಗೊಂಡರು. ಮರುದಿನ ಉತ್ತರದ ಕಬ್ಬಿಣದ ಹಡಗು 'ಮಾನಿಟರ್' ಅದಕ್ಕೆ ಎದುರಾಯಿತು. ಸುಮಾರು ನಾಲ್ಕು ಗಂಟೆ ಕಾದಾಡಿದರೂ ಎರಡರಲ್ಲಿ ಯಾವುದೂ ಮುಳುಗಲಿಲ್ಲ. ಮರದ ಯುದ್ಧನೌಕೆಗಳ ಕಾಲ ಮುಗಿಯಿತೆಂಬುದು ಮಾತ್ರ ಲೋಕಕ್ಕೆಲ್ಲ ತಿಳಿಯಿತು.

ಆದರೆ ಮನಸ್ಸನ್ನು ಕಲಕುವ ವಾರ್ತೆ ಗೆಟಿಸ್‌ಬರ್ಗಿನದು. 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎರಡು ಕಡೆಯೂ ಸೇರಿ ಸುಮಾರು 50,000 ಮಂದಿ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಬಾತ್ಮೀದಾರ ಸ್ಯಾಮ್ಯುಯೆಲ್ ವಿಲ್ಕೆಸನ್ ಆ ಕದನದ ವರದಿಗೆಂದು ಹೋಗಿದ್ದರು. ಫಿರಂಗಿದಳದಲ್ಲಿ ಅಧಿಕಾರಿಯಾಗಿದ್ದ ಅವರ 19 ವರ್ಷದ ಮಗ ಬೇಯಾರ್ಡ್ ಮೊದಲ ದಿನವೇ ಗಾಯಗೊಂಡು ಅಸುನೀಗಿದ್ದ. ತಂದೆ ಮಗನ ಶವದ ಬಳಿ ಕುಳಿತು ವರದಿ ಬರೆದರು. ಕಣ್ಣು ಅವನ ಮೇಲೆಯೇ ನೆಟ್ಟಿರುವಾಗ ಕದನದ ಕಥೆಯನ್ನು ಬರೆಯುವುದೆಂತೆಂದು ಆರಂಭದಲ್ಲೇ ಕೇಳಿಕೊಂಡರು. ಆದರೂ ಬರೆದು ಮುಗಿಸಿದರು.

ಇದೇ ಯುದ್ಧ ನಮ್ಮ ಕಡೆಗೆ ಬೇರೆ ರೂಪದಲ್ಲಿ ಬಂದಿತ್ತು. ಉತ್ತರದ ನೌಕಾಪಡೆ ದಕ್ಷಿಣದ ರೇವುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದುರ್ಲಭವಾಯಿತು. ಮುಂಬಯಿಯಲ್ಲಿ ಧಾರಣೆ ಗಗನಕ್ಕೇರಿ, ಧಾರವಾಡ ಸೀಮೆಯ ಹತ್ತಿಗೂ ಸುಗ್ಗಿಯ ಕಾಲ ಬಂತು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದೊಡನೆ ಧಾರಣೆ ಕುಸಿದು, ಮುಂಬಯಿಯ ಎಷ್ಟೋ ವರ್ತಕರು ದಿವಾಳಿಯೆದ್ದರು. ಅಲ್ಲಿಯ ಸಾವು ಇಲ್ಲಿ ಲಾಭವಾಗಿತ್ತು. ಅಲ್ಲಿಯ ಶಾಂತಿ ಇಲ್ಲಿ ನಷ್ಟವಾಯಿತು.

ಪತ್ರಿಕೆಯಲ್ಲಿ ಸತ್ತವರ ಸಂಖ್ಯೆಯನ್ನೋದಿ ಪುಟ ಮಗುಚುವ ಮುನ್ನ, ಆ ಸಂಖ್ಯೆಯಲ್ಲಿ ಒಂದನ್ನಾದರೂ ಯಾರೋ ಒಬ್ಬರ ಮಗನೆಂದು ಎಣಿಸಿ ನೋಡಿದರೆ ಸುದ್ದಿ ಸುದ್ದಿಯಾಗಿಯೇ ಉಳಿಯದು.